ನಂಬಿಕೆಯನ್ನೇ ಮರೆತವರ ಗತಿಯೇನು?

ಚಿಕ್ಕವ್ವ ಫೋನಿನಲ್ಲಿ ಹೇಳಿದ ಒಂದು ಮಾತಿನಿಂದ ಇದೆಲ್ಲ ಶುರುವಾಯಿತು. "ಅಕ್ಕನ ನಂಬಿಕಿ ಗಟ್ಟಿ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ನೋಡವಾ."

ಅಕ್ಕ ಅಂದರೆ ನನ್ನವ್ವ. ಧಾರವಾಡದಲ್ಲಿ ಮೂವತ್ತು ವರ್ಷ ಪ್ರೈಮರಿ ಶಾಲೆ ಟೀಚರ್, ಅದಕ್ಕಿಂತ ಹೆಚ್ಚು ವರ್ಷ ಸಂಡೇ ಸ್ಕೂಲ್ ಟೀಚರ್. ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾಳೆ. ಮರೆವಿನ ಕಾಯಿಲೆ. ಮೊದಲು ಗ್ಯಾಸ್ ಆರಿಸೋದು ಮರೆತಳು. ಆಮೇಲೆ ಮೊಮ್ಮಗನ ಹೆಸರು, ಆಮೇಲೆ ನನ್ನ ಹೆಸರು. ನಾನು ತಲೆ ಬಾಚುವಾಗ "ಯಾರವಾ ನೀ? ಛೊಲೋ ಹುಡುಗಿ ಇದ್ದಿ" ಅಂತಾಳೆ. ಇಷ್ಟಕ್ಕೆಲ್ಲ ಹೇಗೋ ಒಗ್ಗಿಕೊಂಡಿದ್ದೆ. ಕಳೆದ ಮಳೆಗಾಲದ ಒಂದು ರಾತ್ರಿ ಮಲಗುವ ಮೊದಲು ಎಂದಿನಂತೆ ಇಬ್ಬರೂ ಕರ್ತನ ಪ್ರಾರ್ಥನೆ ಶುರು ಮಾಡಿದೆವು. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅದು, ಅವ್ವ ಎಷ್ಟು ಸಾವಿರ ಸಲ ಹೇಳಿದ್ದಾಳೋ. ಎರಡು ಮಾತು ಹೇಳಿ ನಿಂತಳು. "ಇದು ಯಾರಿಗೆ ಹೇಳೂದು?" ಅಂತ ಕೇಳಿದಳು. ತಮಾಷೆಗಲ್ಲ, ವಾದಕ್ಕೂ ಅಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಇದನ್ನು ಚಿಕ್ಕವ್ವನಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅವಳು ಈಚೆಗೆ ಯಾವುದೋ ಪ್ರಾರ್ಥನಾ ಕೂಟಕ್ಕೆ ಹೋಗ್ತಾಳೆ. ಅಲ್ಲಿ ಎಲ್ಲದಕ್ಕೂ ಒಂದೇ ಲೆಕ್ಕ. ನಂಬಿಕೆ ಇದ್ದರೆ ವಾಸಿಯಾಗುತ್ತೆ, ವಾಸಿಯಾಗಲಿಲ್ಲ ಅಂದ್ರೆ ನಂಬಿಕೆ ಸಾಲದು. ಎಂದೂ ತಪ್ಪಾಗದ ಲೆಕ್ಕ.

ಸಿಟ್ಟಿನಿಂದ ಫೋನಿಟ್ಟೆ. ಆದರೆ ಸಿಟ್ಟು ಇಳಿದ ಮೇಲೆ ಅದೇ ಪ್ರಶ್ನೆ ನನ್ನದೇ ದನಿಯಲ್ಲಿ ಕೇಳಿಸತೊಡಗಿತು. ವಾಸಿಯಾಗುವ ವಿಚಾರ ಬಿಡಿ, ಅದು ಮಿದುಳಿನ ಕಾಯಿಲೆ, ಡಾಕ್ಟರು ಹೇಳಿದ್ದು ನನಗೆ ಅರ್ಥವಾಗಿದೆ. ಪ್ರಶ್ನೆ ಇದು: ನಾವು ಪ್ರೊಟೆಸ್ಟೆಂಟರು. ಮನುಷ್ಯನಿಗೆ ರಕ್ಷಣೆ ಸಿಗೋದು ಆಚರಣೆಯಿಂದಲ್ಲ, ಒಳ್ಳೆಯ ಕೆಲಸಗಳ ಲೆಕ್ಕದಿಂದಲ್ಲ. ದೇವರ ಕೃಪೆಯಿಂದ, ನಂಬಿಕೆಯ ಮೂಲಕ. ಇದನ್ನು ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದವಳೇ ಅವ್ವ. ಚಿಕ್ಕಂದಿನಿಂದ ಅದು ಔದಾರ್ಯದ ಮಾತಾಗಿಯೇ ಕೇಳಿಸಿತ್ತು. ಈಗ ಮೊದಲ ಸಲ ಕ್ರೂರವಾಗಿ ಕೇಳಿಸಿತು. ಆಚರಣೆಯಿಂದಲೇ ರಕ್ಷಣೆ ಅಂತ ಇದ್ದಿದ್ದರೆ ಅವ್ವನಿಗೆ ಯಾವ ಭಯವೂ ಇರಲಿಲ್ಲ. ತಪ್ಪದ ಭಾನುವಾರಗಳು, ಲೆಂತ್ ಕಾಲದ ಉಪವಾಸ, ಸುಗ್ಗಿ ಹಬ್ಬಕ್ಕೆ ಒಯ್ದ ಮೊದಲ ಕುಂಬಳಕಾಯಿ, ಸಂಬಳದ ಹತ್ತರಲ್ಲೊಂದು ಪಾಲು. ಮಾಡಿದ್ದು ಮಾಡಿದ್ದೇ. ಅವಳು ಮರೆತರೂ ರಿಜಿಸ್ಟರಿನಲ್ಲಿ ಇರುತ್ತೆ. ನಂಬಿಕೆ ಹಾಗಲ್ಲ. ಅದು ಹೋದ ವರ್ಷ ಇತ್ತು ಅಂದರೆ ಆಗಲ್ಲ, ಈಗ ಇರಬೇಕು. ಈಗ ಅವಳ ತಲೆಯಲ್ಲಿ ಇರೋದು ಸಂಜೆಯ ಚಹಾ ಮತ್ತು ಎಂದೋ ಸತ್ತುಹೋದ ಒಂದು ಎಮ್ಮೆ.

(ಒಂದು ವಿಷಯ ಒಪ್ಪಿಕೊಳ್ಳಬೇಕು. ಆಚರಣೆ ಬೇಡ ಅನ್ನುವ ನಮ್ಮಲ್ಲಿ ಆಚರಣೆಗೇನೂ ಕಡಿಮೆ ಇಲ್ಲ. ಭಾನುವಾರ ತಡವಾಗಿ ಬಂದವರನ್ನು ಹಿಂದಿನ ಬೆಂಚಿನ ಹಿರಿಯರು ನೋಡುವ ನೋಟ ಒಂದಿದೆ, ಅದು ಯಾವ ಮಡಿಗೂ ಕಡಿಮೆಯಲ್ಲ.)

ಈ ಬೋಧನೆಯ ಬೇರು ಮೊದಲನೇ ಶತಮಾನದಲ್ಲಿ ಪೌಲ ಬರೆದ ಪತ್ರಗಳಲ್ಲಿದೆ. ಆಗಿನ ಜಗಳ ಬಹಳ ಪ್ರಾಕ್ಟಿಕಲ್ ಆದದ್ದು. ಯೆಹೂದ್ಯರಲ್ಲದವರು ಕ್ರಿಸ್ತನ ಸಭೆಗೆ ಬರಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕಾ, ಊಟದ ನಿಯಮ ಪಾಲಿಸಬೇಕಾ? ಬೇಡ ಎಂದು ಹಟ ಹಿಡಿದವನು ಪೌಲ. ಆದರೆ ಅದು ಒಬ್ಬೊಬ್ಬ ಮನುಷ್ಯನ ನಿದ್ದೆ ಕೆಡಿಸುವ ಪ್ರಶ್ನೆಯಾಗಿ ನಮ್ಮವರೆಗೆ ಬಂದದ್ದು ಮಾರ್ಟಿನ್ ಲೂಥರನಿಂದ. 1505ರ ಜುಲೈನಲ್ಲಿ, ಕಾನೂನು ಓದುತ್ತಿದ್ದ 21ರ ಹುಡುಗ, ಜರ್ಮನಿಯ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಹತ್ತಿರ ಸಿಡಿಲಿಗೆ ಸಿಕ್ಕಿ ಹೆದರಿ, ಬದುಕಿಸಿದರೆ ಸನ್ಯಾಸಿಯಾಗ್ತೀನಿ ಅಂತ ಹರಕೆ ಹೊತ್ತ. ಎರಡೇ ವಾರದಲ್ಲಿ ಮಠ ಸೇರಿದ. ಅಪ್ಪ ಕೆಂಡವಾದ. ಸೀಟು ಸಿಕ್ಕ ಮಗ ಇಂಜಿನಿಯರಿಂಗ್ ಬಿಟ್ಟು ಬಂದರೆ ನಮ್ಮ ಮನೆಗಳಲ್ಲಿ ಏನಾಗುತ್ತೋ ಅದೇ.

ಮಠದಲ್ಲಿ ಅವನು ಎಲ್ಲವನ್ನೂ ಮಾಡಿದ. ಉಪವಾಸ, ಜಾಗರಣೆ, ಚಳಿ. ಪಾಪನಿವೇದನೆಗೆ ಕೂತರೆ ಗಂಟೆಗಟ್ಟಲೆ. ಹೇಳಿ ಎದ್ದು ಹೋಗಿ, ಇನ್ನೊಂದು ನೆನಪಾಯಿತು ಅಂತ ವಾಪಸ್ ಬರುತ್ತಿದ್ದ. ಕೇಳಿಸಿಕೊಳ್ಳುವ ಗುರು ಸ್ಟೌಪಿಟ್ಸ್‌ಗೆ ಸಾಕುಸಾಕಾಗಿತ್ತು. ಲೂಥರನ ತೊಂದರೆ ಸೋಮಾರಿತನ ಆಗಿರಲಿಲ್ಲ, ಎಷ್ಟು ಮಾಡಿದರೆ ಸಾಕು ಅಂತ ಯಾರೂ ಹೇಳದಿದ್ದದ್ದು. ಕಟ್-ಆಫ್ ಇಲ್ಲದ ಪರೀಕ್ಷೆ. ಎಲ್ಲ ಟಾರ್ಗೆಟ್ ಮುಟ್ಟಿದ ಮೇಲೂ ಅಪ್ರೈಸಲ್ ಹಿಂದಿನ ರಾತ್ರಿ ನಿದ್ದೆ ಬಾರದವರಿಗೆ ಈ ಮನುಷ್ಯನನ್ನು ಪರಿಚಯ ಮಾಡಿಸಬೇಕಾಗಿಲ್ಲ. ಮುಂದೆ ವಿಟೆನ್‌ಬರ್ಗ್‌ನಲ್ಲಿ ಪಾಠ ಹೇಳುತ್ತಾ, ರೋಮಾಪುರದವರಿಗೆ ಪೌಲ ಬರೆದ ಪತ್ರವನ್ನು ಬಿಡಿಸುತ್ತಾ, ಅವನಿಗೆ ಒಂದು ಹೊಳೆಯಿತು. ಅಲ್ಲಿ ಬರುವ ‘ದೇವರ ನೀತಿ’ ಅಂದರೆ ದೇವರು ನಮ್ಮನ್ನು ಅಳೆಯುವ ಅಳತೆಗೋಲಲ್ಲ. ದೇವರು ನಮಗೆ ಕೊಡುವ ವಸ್ತು. ಸಂಪಾದನೆಯಲ್ಲ, ದಾನ. ಸಾಯುವ ಹಿಂದಿನ ವರ್ಷ, 1545ರಲ್ಲಿ, ಆ ಕ್ಷಣವನ್ನು ನೆನೆದು ಸ್ವರ್ಗದ ಬಾಗಿಲೇ ತೆರೆದ ಹಾಗಾಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳ ಮಾರಾಟದ ವಿರುದ್ಧ 1517ರಲ್ಲಿ ಹೊರಟ 95 ವಾದಗಳು, ಆಮೇಲಿನ ಗಲಾಟೆ, ನಿಮಗೆ ಹೈಸ್ಕೂಲಿನಲ್ಲೇ ಗೊತ್ತಾಗಿದೆ.

ಲೂಥರ್ ನನಗೆ ಪೂಜ್ಯನೇನಲ್ಲ. 1525ರಲ್ಲಿ ದಂಗೆಯೆದ್ದ ರೈತರನ್ನು ಕೊಲ್ಲಿ ಅಂತ ಬರೆದ, 1543ರಲ್ಲಿ ಯೆಹೂದ್ಯರ ಬಗ್ಗೆ ಓದಲಾಗದಂಥ ಪುಸ್ತಕ ಬರೆದ. ಆದರೆ ಆ ಹುಡುಗನ ಹೆದರಿಕೆ ನಿಜ, ಅವನಿಗೆ ಸಿಕ್ಕ ಬಿಡುಗಡೆಯೂ ನಿಜ. ಅವನು ಬಿಟ್ಟುಬಂದ ಕ್ಯಾಥೊಲಿಕರೂ ಕೃಪೆ ಬೇಡ ಅಂದವರಲ್ಲ. 1999ರಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಔಗ್ಸ್‌ಬರ್ಗ್‌ನಲ್ಲಿ ಕೂತು, ಈ ವಿಷಯದ ಮೂಲದಲ್ಲಿ ನಮಗೆ ಜಗಳವಿಲ್ಲ ಅಂತ ಸಹಿ ಹಾಕಿದರು. ಸುಮಾರು ಐನೂರು ವರ್ಷ ತಡವಾಗಿ.

ನನ್ನ ಕಷ್ಟ ಶುರುವಾಗೋದು ಇದರ ನಂತರ. ಆಚರಣೆಯನ್ನು ತೆಗೆದು ಆ ಜಾಗದಲ್ಲಿ ನಂಬಿಕೆಯನ್ನಿಟ್ಟರೆ, ಮನುಷ್ಯ ಸುಮ್ಮನಿರಲ್ಲ. ನಂಬಿಕೆಯನ್ನೇ ಅಳೆಯಲು ಕೂರುತ್ತಾನೆ. ನಾನು ನಿಜವಾಗಿ ನಂಬಿದ್ದೀನಾ? ಬಾಯಲ್ಲಿ ನಂಬಿದ್ದಾ, ಹೃದಯದಲ್ಲಿ ನಂಬಿದ್ದಾ? ನಮ್ಮ ಕಡೆಗೆ ಈ ಬೋಧನೆ ತಂದವರು ಬಾಸೆಲ್ ಮಿಶನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದರು, ನಿಘಂಟಿನ ಕಿಟ್ಟೆಲ್ ಕೂಡ ಅದೇ ಮಿಶನ್ನಿನವರು. ಅವರದು ಹೃದಯ ಮುಟ್ಟಿ ನೋಡಿಕೊಳ್ಳುವ ಭಕ್ತಿಯ ಪರಂಪರೆ. ಬಹಳ ಒಳ್ಳೆಯದನ್ನು ತಂದರು, ಜೊತೆಗೆ ಈ ಮುಟ್ಟಿ ನೋಡಿಕೊಳ್ಳುವ ಅಭ್ಯಾಸವನ್ನೂ ತಂದರು. ಹೊರಗಿನ ಆಚರಣೆಗೆ ಒಂದು ಅನುಕೂಲವಿತ್ತು, ಅದನ್ನು ಎಣಿಸಬಹುದಿತ್ತು. ಒಳಗಿನದ್ದನ್ನು ಎಣಿಸೋದು ಹೇಗೆ? ಚಿಕ್ಕವ್ವನ ಕೂಟದವರು ಮಾಡಿದ್ದೂ ಅದನ್ನೇ. ನಂಬಿಕೆಯನ್ನು ಎಲ್ಲಕ್ಕಿಂತ ಕಷ್ಟದ ಆಚರಣೆ ಮಾಡಿಟ್ಟರು.

ಆಫೀಸಿನಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ನಮ್ಮ ಟೀಮಿನ ಒಬ್ಬರ ಮುಂದೆ ಹೇಳಿದೆ. ಮೈಸೂರು ಕಡೆಯ ಶ್ರೀವೈಷ್ಣವರು, ನನಗಿಂತ ಹತ್ತು ವರ್ಷ ದೊಡ್ಡವರು, ಇಂಥ ಮಾತು ಅವರಿಗೆ ಇಷ್ಟ. ಮೊದಲು ಎಲ್ಲರೂ ಕೇಳೋದನ್ನೇ ಕೇಳಿದರು. "ಅಲ್ರೀ, ಹಾಗಾದ್ರೆ ಬದುಕೆಲ್ಲ ಏನು ಬೇಕಾದ್ರೂ ಮಾಡಿ, ಕೊನೇಲಿ ನಂಬಿಬಿಟ್ರೆ ಮುಗೀತಾ? ಒಳ್ಳೆಯವನಾಗಿ ಬದುಕಿ ನಂಬದೇ ಇದ್ದವನಿಗೆ ಏನೂ ಇಲ್ವಾ?"

ನಾನು ಅವರಿಗೆ ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಕಥೆ ಹೇಳಿದೆ. ಈ ಎರಡು ಪ್ರಶ್ನೆಗೂ ಅಲ್ಲಿ ಒಬ್ಬೊಬ್ಬ ಮನುಷ್ಯ ಸಿಗುತ್ತಾನೆ. ಇಬ್ಬರೂ ಅಕ್ಕಪಕ್ಕದವರು.

‘ಅಮೇಜಿಂಗ್ ಗ್ರೇಸ್’ ಹಾಡನ್ನು ನೀವು ಕೇಳೇ ಇರ್ತೀರಿ. ಚರ್ಚಿಗೆ ಕಾಲಿಡದವರೂ ಕೇಳಿದ್ದಾರೆ. 2015ರಲ್ಲಿ ಚಾರ್ಲ್ಸ್‌ಟನ್‌ನ ಶವಸಂಸ್ಕಾರದಲ್ಲಿ ಒಬಾಮ ಭಾಷಣದ ನಡುವೆ ಅದನ್ನು ಹಾಡಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅದನ್ನು ಬರೆದವನು ಜಾನ್ ನ್ಯೂಟನ್. ಸೇಬಿನ ನ್ಯೂಟನ್ ಅಲ್ಲ. 1725ರಲ್ಲಿ ಹುಟ್ಟಿದ ಹಡಗಿನವನು, ಬಾಯಿಬಡುಕ, ದೇವರ ಹೆಸರೆತ್ತಿದರೆ ಬೈಯುವವನು. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ, ನೀರು ತುಂಬುತ್ತಿರುವಾಗ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಪ್ರಾರ್ಥಿಸಿದ. ಬದುಕಿದ. ಆ ದಿನವನ್ನು ಮುಂದೆ ಪ್ರತಿ ವರ್ಷ ನೆನೆಯುತ್ತಿದ್ದ.

ಹಾಡಿನ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತೆ. ಗುಲಾಮರ ವ್ಯಾಪಾರಿ, ಬಿರುಗಾಳಿ, ಕೃಪೆ, ಪರಿವರ್ತನೆ, ಚಪ್ಪಾಳೆ. ನಿಜ ಏನೆಂದರೆ ಅವನು ಗುಲಾಮರ ಹಡಗಿನ ಕ್ಯಾಪ್ಟನ್ ಆದದ್ದೇ ಆ ಬಿರುಗಾಳಿಯ ನಂತರ. 1750ರಿಂದ 1754ರವರೆಗೆ ಮೂರು ಯಾನ ಮಾಡಿದ. ಕೆಳಗಿನ ಅಂತಸ್ತಿನಲ್ಲಿ ಸರಪಳಿಯಲ್ಲಿ ಮಲಗಿಸಿದ ಆಫ್ರಿಕದ ಜನ, ಮೇಲೆ ಭಾನುವಾರ ಸಿಬ್ಬಂದಿಗೆ ಕ್ಯಾಪ್ಟನ್ ನಡೆಸುವ ಆರಾಧನೆ. 1764ರಲ್ಲಿ ಬರೆದ ಆತ್ಮಕಥೆಯಲ್ಲಿ ಅವನು ಹೇಳುವ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ದೇವರ ಜೊತೆಗಿನ ಅತಿ ಸಿಹಿಯಾದ ಗಳಿಗೆಗಳು ಅವನಿಗೆ ಸಿಕ್ಕಿದ್ದು ಗಿನಿ ತೀರಕ್ಕೆ ಹೋದ ಕೊನೆಯ ಎರಡು ಯಾನಗಳಲ್ಲಂತೆ. ನಾಟಕ ಅಂತ ನನಗೆ ಅನಿಸಲ್ಲ. ನಿಜವಾಗಿಯೇ ಅನಿಸಿದ್ದಿರಬೇಕು, ಅದೇ ಭಯ ಹುಟ್ಟಿಸೋದು. ಅವನು ಆ ಕೆಲಸ ಬಿಟ್ಟದ್ದೂ ಮನಸ್ಸಾಕ್ಷಿಯಿಂದಲ್ಲ. 1754ರಲ್ಲಿ ಆರೋಗ್ಯ ಕೆಟ್ಟಿತು, ಬಿಟ್ಟ. ಗುಲಾಮಗಿರಿಯ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ. ತನ್ನ ಈ ತಪ್ಪೊಪ್ಪಿಗೆ ತೀರ ತಡವಾಗಿ ಬಂತು ಅಂತ ಅವನೇ ಬರೆದ.

ಅಂದರೆ ಸಹೋದ್ಯೋಗಿ ಕೇಳಿದ ಮೊದಲ ಪ್ರಶ್ನೆ ಸುಮ್ಮನೆ ಕುತರ್ಕವಲ್ಲ. ಕೃಪೆಯನ್ನು ನಂಬಿಕೊಂಡೇ ಮನುಷ್ಯ ಮನುಷ್ಯರನ್ನು ಮಾರಬಲ್ಲ. ಹಿಟ್ಲರನ ಕಾಲದ ಜರ್ಮನಿಯಲ್ಲಿ ಬಾನ್‌ಹೋಫರ್ ಎಂಬ ಲೂಥರನ್ ಪಾದ್ರಿ ಇದಕ್ಕೆ ‘ಅಗ್ಗದ ಕೃಪೆ’ ಅಂತ ಹೆಸರಿಟ್ಟು 1937ರಲ್ಲಿ ಪುಸ್ತಕ ಬರೆದ. 1945ರ ಏಪ್ರಿಲ್‌ನಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು. ಅವನು ಹೇಳಿದ್ದು, ಕೃಪೆ ಪುಕ್ಕಟೆ, ಆದರೆ ಅಗ್ಗವಲ್ಲ ಅಂತ. ನ್ಯೂಟನ್ ವಿಷಯದಲ್ಲಿ ನನ್ನ ತೀರ್ಪು ಏನು ಅಂತ ಕೇಳಿದರೆ, ಅವನಿಗೆ ಸಿಕ್ಕಿದ ಕೃಪೆ ಸುಳ್ಳಲ್ಲ, ಆದರೆ ಅದು ಸಿಕ್ಕಿದ ಸಂತೋಷದಲ್ಲಿ ಅವನು ಹಲಗೆಯ ಕೆಳಗೆ ಬಗ್ಗಿ ನೋಡಲಿಲ್ಲ. ಆ ಕೆಳಗಿದ್ದವರ ಹೆಸರು ಯಾವ ಹಾಡಿನಲ್ಲೂ ಇಲ್ಲ.

ಇನ್ನೊಬ್ಬ ಮನುಷ್ಯ ವಿಲಿಯಂ ಕೂಪರ್, ಕವಿ. ಮೃದು ಸ್ವಭಾವ, ಅಂಜುಬುರುಕ. 1763ರಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಸಂಸತ್ತಿನ ಮೇಲ್ಮನೆಯ ಮುಂದೆ ಪರೀಕ್ಷೆಗೆ ನಿಲ್ಲಬೇಕಾಗಿ ಬಂದಾಗ ಮನಸ್ಸು ಮುರಿದುಬಿತ್ತು, ಪ್ರಾಣ ಕಳೆದುಕೊಳ್ಳಲು ಹೋದ. ಸೇಂಟ್ ಆಲ್ಬನ್ಸ್‌ನ ಒಂದು ಆಸ್ಪತ್ರೆಯಲ್ಲಿ, ಒಬ್ಬ ಕರುಣೆಯ ಡಾಕ್ಟರ ಆರೈಕೆಯಲ್ಲಿ, ಸುಧಾರಿಸಿಕೊಳ್ಳುತ್ತಿದ್ದಾಗ ರೋಮಾಪುರದವರ ಪತ್ರದ ಮೂರನೇ ಅಧ್ಯಾಯ ಓದಿ ಅವನಿಗೂ ಲೂಥರನಿಗಾದ ಹಾಗೇ ಬಾಗಿಲು ತೆರೆಯಿತು. 1767ರಲ್ಲಿ ಓಲ್ನಿಗೆ ಬಂದ. ಅಷ್ಟು ಹೊತ್ತಿಗೆ ನ್ಯೂಟನ್ ಅಲ್ಲಿ ಪಾದ್ರಿ. ಇಬ್ಬರ ಹಿತ್ತಲುಗಳ ನಡುವೆ ಒಂದು ತೋಟ ಇತ್ತು. ಅದರಲ್ಲಿ ಹಾದುಹೋಗಲು ತೋಟದವರಿಗೆ ವರ್ಷಕ್ಕೊಂದು ಗಿನಿ ನಾಣ್ಯ ಕೊಡುತ್ತಿದ್ದರಂತೆ. ಆ ನಾಣ್ಯಕ್ಕೆ ಹೆಸರು ಬಂದದ್ದು ಅದೇ ಗಿನಿ ತೀರದಿಂದ. ಇಬ್ಬರೂ ಸೇರಿ ಊರಿನ ಬಡವರಿಗಾಗಿ, ಲೇಸ್ ನೇಯುವ ಹೆಂಗಸರಿಗಾಗಿ, ಹಾಡು ಬರೆದರು. 1779ರಲ್ಲಿ ಅಚ್ಚಾದ ಸಂಗ್ರಹದಲ್ಲಿ 348 ಹಾಡುಗಳಿವೆ, 60ಕ್ಕೂ ಹೆಚ್ಚು ಕೂಪರನವು.

‘ಅಮೇಜಿಂಗ್ ಗ್ರೇಸ್’ ಆ ಊರಿನಲ್ಲಿ ಮೊದಲು ಬಂದದ್ದು 1773ರ ಹೊಸ ವರ್ಷದ ದಿನದ ಪ್ರಸಂಗಕ್ಕೆ. ಅದೇ ವರ್ಷದ ಮೊದಲ ವಾರಗಳಲ್ಲೇ ಕೂಪರನ ಮನಸ್ಸು ಮತ್ತೆ ಮುರಿಯಿತು. ಒಂದು ಕನಸು ಬಿತ್ತು, ಅದರಲ್ಲಿ ಒಂದು ದನಿ ಅವನಿಗೆ ನಿನ್ನ ಕಥೆ ಮುಗಿಯಿತು ಅಂತ ಹೇಳಿತು. ದೇವರು ಎಲ್ಲರನ್ನೂ ಕ್ಷಮಿಸಬಲ್ಲ, ತನ್ನೊಬ್ಬನನ್ನು ಬಿಟ್ಟು. ಆ ನಂಬಿಕೆ ಅವನನ್ನು 1800ರಲ್ಲಿ ಸಾಯುವವರೆಗೆ ಪೂರ್ತಿಯಾಗಿ ಬಿಡಲೇ ಇಲ್ಲ. ಆಮೇಲೆ ಅವನು ಚರ್ಚಿನ ಆರಾಧನೆಗೆ ಹೋಗಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ನ್ಯೂಟನ್ ಮತ್ತು ಅವನ ಹೆಂಡತಿ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ನ್ಯೂಟನ್ ಬಗ್ಗೆ ಮೇಲೆ ಬರೆದದ್ದರ ಜೊತೆ ಇದನ್ನೂ ಬರೆಯಬೇಕು.

ಒಂದೇ ಊರು, ಒಂದೇ ಪ್ರಸಂಗ, ಒಂದೇ ಕೃಪೆಯ ಬೋಧನೆ. ಮನುಷ್ಯರನ್ನು ಮಾರಿದವನಿಗೆ ತಾನು ಉಳಿದೆ ಎಂಬ ಭರವಸೆ ಬಂತು. ಯಾರಿಗೂ ಕೇಡು ಮಾಡದವನಿಗೆ ಬರಲಿಲ್ಲ. ನಂಬಿಕೆ ಅಂದರೆ ಮನಸ್ಸಿನೊಳಗಿನ ಭರವಸೆಯೇ ಆಗಿದ್ದರೆ, ಲೆಕ್ಕ ಹೀಗೇ ಬರುತ್ತೆ. ಹೀಗೆ ಬರುವ ಲೆಕ್ಕವನ್ನು ನಾನು ಒಪ್ಪಲಾರೆ. ಕೂಪರನಿಗೆ ಇದ್ದದ್ದು ಅಪನಂಬಿಕೆಯಲ್ಲ, ಕಾಯಿಲೆ. ಇಂದು ಅವನು ಬೆಂಗಳೂರಿನಲ್ಲಿದ್ದಿದ್ದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗ್ತಿದ್ದೆವು.

ಆದರೆ ಅವನ ಕಥೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಆಮೇಲಿನ ಭಾಗ. 1774ರಲ್ಲಿ ಯಾರೋ ಅವನಿಗೆ ಒಂದು ಮೊಲದ ಮರಿ ಕೊಟ್ಟರು. ಕೊನೆಗೆ ಮೂರನ್ನು ಇಟ್ಟುಕೊಂಡ. ಪುಸ್, ಟೈನಿ, ಬೆಸ್. ಮೂರೂ ಗಂಡು. ಅವುಗಳಿಗೆ ಮಲಗಲು ಗೂಡು ಮಾಡಿದ, ಸಂಜೆ ಹೊತ್ತು ಕೋಣೆಯೊಳಗೆ ಬಿಟ್ಟು ಆಡಿಸಿದ, ಅವುಗಳ ಬಗ್ಗೆ 1784ರಲ್ಲಿ ಪತ್ರಿಕೆಗೆ ಬರೆದ. ಪುಸ್ ಸುಮಾರು 12 ವರ್ಷ ಬದುಕಿತು. 1788ರಲ್ಲಿ, ನ್ಯೂಟನ್ ತನ್ನ ತಪ್ಪೊಪ್ಪಿಗೆ ಅಚ್ಚು ಹಾಕಿಸಿದ ವರ್ಷವೇ, ಕೂಪರ್ ಗುಲಾಮಗಿರಿಯ ವಿರುದ್ಧ ಬೀದಿಯಲ್ಲಿ ಹಾಡುವಂಥ ಪದ್ಯಗಳನ್ನು ಬರೆದುಕೊಟ್ಟ. ಯೋಚಿಸಿ ನೋಡಿ. ತಾನು ನರಕಕ್ಕೇ ಹೋಗುವವನು, ಏನು ಮಾಡಿದರೂ ಅದು ಬದಲಾಗಲ್ಲ ಅಂತ ನಂಬಿದ್ದ ಮನುಷ್ಯ ಇವನು. ಅವನಿಗೆ ಸಿಗುವ ಬೋನಸ್ ಇಲ್ಲ, ತಪ್ಪುವ ಶಿಕ್ಷೆ ಇಲ್ಲ. ಆದರೂ ಮೊಲಕ್ಕೆ ಗೂಡು ಮಾಡಿದ, ಎಂದೂ ನೋಡದ ಜನರ ಪರವಾಗಿ ಬರೆದ. ಒಳ್ಳೆಯ ಕೆಲಸ ಸ್ವರ್ಗಕ್ಕೆ ಕಟ್ಟುವ ಕಂತಾಗಬಾರದು, ಬಿಡುಗಡೆಯಾದವನ ಕೈಯಿಂದ ತಾನಾಗಿ ಬರಬೇಕು ಅಂತ ಲೂಥರ್ 1520ರಲ್ಲೇ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದಿದ್ದ. ಓಲ್ನಿಯಲ್ಲಿ ಆ ಪುಸ್ತಕದ ಹಾಗೆ ಬದುಕಿದವನು ಯಾರು, ತನಗೆ ಬಿಡುಗಡೆ ಆಗಿದೆ ಅಂದುಕೊಂಡವನಾ, ಆಗಲೇ ಇಲ್ಲ ಅಂದುಕೊಂಡವನಾ?

ಸಹೋದ್ಯೋಗಿ ಮೊಸರನ್ನ ಅರ್ಧಕ್ಕೆ ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ, "ಇದು ನಮ್ಮಲ್ಲೂ ಇದೆಯಲ್ರೀ, ಕೋತಿಮರಿ, ಬೆಕ್ಕಿನ ಮರಿ" ಅಂದರು. ಶ್ರೀವೈಷ್ಣವರಲ್ಲಿ ಎರಡು ಕವಲು. ವಡಗಲೈನವರ ಪ್ರಕಾರ ಜೀವ ಕೋತಿಮರಿಯ ಹಾಗೆ. ತಾಯಿಯೇ ಹೊತ್ತೊಯ್ಯುತ್ತಾಳೆ, ಆದರೆ ಮರಿ ಗಟ್ಟಿಯಾಗಿ ಅಪ್ಪಿಕೊಂಡಿರಬೇಕು. ತೆಂಗಲೈನವರ ಪ್ರಕಾರ ಬೆಕ್ಕಿನ ಮರಿಯ ಹಾಗೆ. ತಾಯಿ ಕತ್ತಿನ ಹಿಂದೆ ಕಚ್ಚಿ ಎತ್ತಿಕೊಂಡು ಹೋಗುತ್ತೆ, ಮರಿ ಏನನ್ನೂ ಹಿಡಿದುಕೊಳ್ಳಲ್ಲ, ಕಣ್ಣೂ ಬಿಟ್ಟಿರಲ್ಲ. "ಇಷ್ಟು ದೊಡ್ಡ ವಿಚಾರ ಇಟ್ಟುಕೊಂಡು ನಮ್ಮವರು ಜಗಳ ಆಡಿದ್ದು ಮಾತ್ರ ನಾಮದ ಆಕಾರಕ್ಕೆ" ಅಂತ ನಕ್ಕರು. ನಾನೂ ಹಿಂದಿನ ಬೆಂಚಿನ ಹಿರಿಯರನ್ನು ನೆನೆದು ನಕ್ಕೆ.

ಎರಡೂ ಒಂದೇ ಅಂತ ನಾನು ಹೇಳಲ್ಲ. ಕ್ರೈಸ್ತರಿಗೆ ಕೃಪೆ ಅಂದರೆ ಯೆರೂಸಲೇಮಿನಲ್ಲಿ ಒಂದು ಶುಕ್ರವಾರ, ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ, ಒಬ್ಬ ಮನುಷ್ಯನನ್ನು ಶಿಲುಬೆಗೆ ಹಾಕಿದ ಘಟನೆಗೆ ಅಂಟಿಕೊಂಡದ್ದು. ಅದನ್ನು ಬಿಡಿಸಿದರೆ ಉಳಿಯೋದು ಕ್ರೈಸ್ತ ಧರ್ಮ ಅಲ್ಲ. ಆದರೆ ಆ ಎರಡು ಮರಿಗಳು ನನ್ನ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕೇಳಿದವು. ನಾವು ನಂಬಿಕೆ ಅನ್ನೋದು ಕೋತಿಮರಿಯ ಕೈಯಾ? ಅವ್ವನ ಕೈ ಸಡಿಲವಾಗಿದೆ.

ಅಂದು ರಾತ್ರಿ ಓದುತ್ತಾ ಕೂತಾಗ ಒಂದು ವ್ಯಾಕರಣದ ಜಗಳ ಸಿಕ್ಕಿತು. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ರೋಮಾಪುರದವರ ಪತ್ರದಲ್ಲಿ, ಮನುಷ್ಯ ನೀತಿವಂತನೆನಿಸುವುದು ಯಾವುದರಿಂದ ಅಂತ ಹೇಳುವ ಕಡೆ ಗ್ರೀಕಿನಲ್ಲಿ ‘ಪಿಸ್ತಿಸ್ ಕ್ರಿಸ್ತೂ’ ಅಂತಿದೆ. ಪದಕ್ಕೆ ಪದ ಇಟ್ಟರೆ ‘ಕ್ರಿಸ್ತನ ನಂಬಿಕೆ’. ಲೂಥರನಿಂದ ಈಚೆಗೆ ಹೆಚ್ಚಿನವರು ಅದನ್ನು ‘ಕ್ರಿಸ್ತನಲ್ಲಿ ನಾವಿಡುವ ನಂಬಿಕೆ’ ಅಂತ ಓದಿಕೊಂಡು ಬಂದರು. ಅಲ್ಲ, ಅದು ‘ಕ್ರಿಸ್ತನು ತಾನೇ ತೋರಿಸಿದ ನಂಬಿಗಸ್ತತನ’, ಕೊಟ್ಟ ಮಾತಿಗೆ ಸಾವಿನವರೆಗೂ ನಿಂತದ್ದು ಅಂತ ಇನ್ನು ಕೆಲವರ ವಾದ. ಅಮೆರಿಕದ ರಿಚರ್ಡ್ ಹೇಸ್ 1983ರಲ್ಲಿ ಇದರ ಮೇಲೆ ಬರೆದ ಪುಸ್ತಕದಿಂದ ವಾದ ಮತ್ತೆ ಬಿಸಿಯಾಯಿತು, ಇನ್ನೂ ತೀರ್ಮಾನವಾಗಿಲ್ಲ. ನಾನು ಗ್ರೀಕ್ ಬಲ್ಲವಳಲ್ಲ. ಆದರೆ ಕನ್ನಡ ಬಲ್ಲೆ. ನಮ್ಮ ಷಷ್ಠಿ ವಿಭಕ್ತಿಯೂ ಹೀಗೇ ಎರಡು ಕಡೆ ತಿರುಗುತ್ತೆ. ‘ಅವ್ವನ ನೆನಪು ಬರ್ತಿದೆ’ ಅಂದರೆ ನೆನಪು ನನ್ನದು. ‘ಅವ್ವನ ನೆನಪು ಹೋಗಿದೆ’ ಅಂದರೆ ನೆನಪು ಅವಳದು. ಪದಗಳು ಅವೇ.

ಅವ್ವನ ನೆನಪು ಹೋಗಿದೆ. ಅವಳಿಗೆ ನಾನು ಯಾರೋ ಛೊಲೋ ಹುಡುಗಿ. ಹಾಗಂತ ನಾನು ಅವಳ ಮಗಳಲ್ಲ ಅಂತ ಯಾರೂ ಹೇಳಲ್ಲ. ಸಂಬಂಧವನ್ನು ಇಬ್ಬರೂ ಹಿಡಿದುಕೊಂಡಿದ್ದೆವು, ಅವಳ ತುದಿ ಬಿಟ್ಟುಹೋಯಿತು, ನನ್ನ ತುದಿ ಬಿಟ್ಟಿಲ್ಲ. ಬಿಡದೆ ಇರೋದು ಅಷ್ಟೇನೂ ಸುಲಭವಲ್ಲ, ರಾತ್ರಿ ಮೂರು ಗಂಟೆಗೆ ಎದ್ದು ಎಮ್ಮೆ ಹುಡುಕಲು ಹೊರಟವಳನ್ನು ಬಾಗಿಲಿನಲ್ಲಿ ತಡೆಯುವಾಗ ನಾನು ಕೂಗಾಡಿದ್ದೂ ಇದೆ. ಇಷ್ಟು ಅರೆಬರೆ ಮಗಳೇ ತಾಯಿಯ ಮರೆವನ್ನು ಲೆಕ್ಕಕ್ಕೆ ತಗೊಳ್ಳಲ್ಲ ಅಂದರೆ, ದೇವರು ತಗೊಳ್ತಾನೆ ಅಂತ ಹೇಗೆ ನಂಬಲಿ? ಇದರಿಂದ ದೇವರಿದ್ದಾನೆ ಅಂತ ಸಾಬೀತಾಗಲ್ಲ, ಗೊತ್ತು. ಕೆಲವು ದಿನ ನನಗೂ ಆ ಕಡೆ ಯಾರೂ ಇಲ್ಲ ಅನಿಸುತ್ತೆ. ಆದರೆ ಇದ್ದರೆ, ಅವನು ಚಿಕ್ಕವ್ವನ ಕೂಟದವರು ಹೇಳುವಂಥವನಾಗಿರಲಾರ.

ಇಷ್ಟೆಲ್ಲ ಸುತ್ತಿದ ಮೇಲೆ ಹೊಳೆದದ್ದು, ಉತ್ತರ ಮನೆಯಲ್ಲೇ ಒಂದು ಹಳೆಯ ಟ್ರಂಕಿನಲ್ಲಿ ಇತ್ತು ಅಂತ. ಅವ್ವನ ದೀಕ್ಷಾಸ್ನಾನದ ಸರ್ಟಿಫಿಕೇಟು. ಆಗ ಅವಳಿಗೆ ಆರು ವಾರ. ನಮ್ಮ ಸಭೆಯಲ್ಲಿ ಕೂಸುಗಳಿಗೇ ದೀಕ್ಷಾಸ್ನಾನ ಕೊಡುತ್ತಾರೆ. ಅದೆಲ್ಲ ಅರ್ಥವಿಲ್ಲದ್ದು, ತಿಳಿದು ನಂಬಿದ ಮೇಲೆ ಮಾತ್ರ ಕೊಡಬೇಕು ಅಂತ ಚಿಕ್ಕವ್ವ ಈಗ ಹೊಸದಾಗಿ ವಾದ ಮಾಡ್ತಾಳೆ. ಲೂಥರನ ಕಾಲದಲ್ಲೂ ಹಾಗೆ ವಾದ ಮಾಡುವವರಿದ್ದರು. ಅವರಿಗೆ ಅವನು 1529ರಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ದೀಕ್ಷಾಸ್ನಾನವನ್ನು ಉಂಟುಮಾಡೋದು ನನ್ನ ನಂಬಿಕೆಯಲ್ಲ, ನನ್ನ ನಂಬಿಕೆ ಅದನ್ನು ಪಡೆದುಕೊಳ್ಳುತ್ತೆ ಅಷ್ಟೇ. ಆರು ವಾರದ ಕೂಸಿಗೆ ಯೇಸು ಯಾರು ಅಂತ ಗೊತ್ತಿರಲಿಲ್ಲ. ಯಾರೂ ಅದನ್ನು ತಡೆಯೆಂದು ಎಣಿಸಲಿಲ್ಲ, ಹೊತ್ತುಕೊಂಡು ಹೋದರು, ನೀರು ಹಾಕಿದರು, ಅತ್ತಿರಬೇಕು. ಈಗ ಮತ್ತೆ ಗೊತ್ತಿಲ್ಲ. ನಡುವೆ ಎಪ್ಪತ್ತು ವರ್ಷ ಗೊತ್ತಿತ್ತು.

ಕಳೆದ ತಿಂಗಳು ಸಭಾಪಾಲಕರು ಮನೆಗೆ ಬಂದಿದ್ದರು. ಚರ್ಚಿಗೆ ಬರಲಾಗದವರಿಗೆ ಅವರೇ ಬಂದು ಕರ್ತನ ಭೋಜನ ಕೊಡುತ್ತಾರೆ, ಸಣ್ಣ ತಟ್ಟೆಯಲ್ಲಿ ಒಂದು ಚೂರು ರೊಟ್ಟಿ, ಸಣ್ಣ ಲೋಟದಲ್ಲಿ ಒಂದು ಗುಟುಕು ದ್ರಾಕ್ಷಾರಸ. ಕೊಡಬಹುದಾ, ಅವಳಿಗೆ ಏನೂ ತಿಳಿಯಲ್ಲವಲ್ಲ ಅಂತ ನಾನೇ ಅಳುಕಿದ್ದೆ. ಯುವಕ ಅವರು, ನನಗಿಂತ ಚಿಕ್ಕವರು. "ನನಗೂ ಪೂರ್ತಿ ತಿಳಿದಿಲ್ಲ ಅಕ್ಕಾ" ಅಂದರು.

ಅವ್ವ ರೊಟ್ಟಿ ತಿಂದಳು, ಕುಡಿದಳು, ಲೋಟವನ್ನು ಬಗ್ಗಿಸಿ ನೋಡಿದಳು. ಆಮೇಲೆ ಟೀಚರ್ ದನಿಯಲ್ಲಿ, "ಎಷ್ಟಾತ್ರೀ?" ಅಂತ ಕೇಳಿದಳು.

"ಏನೂ ಬೇಡ ಅಮ್ಮ."

"ಹಂಗ ಹ್ಯಾಂಗಾಗ್ತದ? ಪುಕ್ಕಟೆ ತಿನ್ನೂ ಮಂದಿ ಅಲ್ಲ ನಾವು."

ಸೀರೆಯ ಸೆರಗಿನ ಗಂಟು ಬಿಚ್ಚತೊಡಗಿದಳು. ಬೆರಳು ನಡುಗುತ್ತೆ, ಹೊತ್ತು ಹಿಡಿಯಿತು. ನಾನು ತಡೆಯಲು ಹೋದೆ, ಸಭಾಪಾಲಕರು ಬೇಡ ಎಂಬಂತೆ ಕೈ ಮಾಡಿದರು. ಒಂದು ಐದು ರೂಪಾಯಿಯ ನಾಣ್ಯ ಹೊರಬಂತು. ಅದನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವರು ಒಮ್ಮೆ ನನ್ನ ಮುಖ ನೋಡಿ, ನಾಣ್ಯವನ್ನು ಜೇಬಿಗೆ ಹಾಕಿಕೊಂಡರು. ಅವ್ವನಿಗೆ ಸಮಾಧಾನವಾಯಿತು. ಚಹಾ ಕೇಳಿದಳು.